ರಬ್ಬರ್ ಹಾಲು ಮತ್ತು ದೇವಲಾಪುರದ ಬಸ್ಸು

ಬ್ರಷ್ಷಿನಿಂದ ಶುರು ಮಾಡುತ್ತೇನೆ. ರಬ್ಬರ್ ಹಾಲಿಗೆ ಅದ್ದುವ ಮೊದಲು ಬ್ರಷ್ಷನ್ನು ಪಾತ್ರೆ ತೊಳೆಯುವ ಸೋಪಿನ ನೀರಿಗೆ ಅದ್ದಿ, ಬಟ್ಟೆಯಲ್ಲಿ ಒತ್ತಿ, ಆಮೇಲೆ ಹಾಲಿಗೆ ಇಳಿಸಬೇಕು. ಇಷ್ಟು ಮಾಡದಿದ್ದರೆ ಕೂದಲು ಒಂದಕ್ಕೊಂದು ಅಂಟಿ ಬ್ರಷ್ಷು ಬೆಂಕಿಕಡ್ಡಿಯಾಗುತ್ತದೆ. ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಯಾರೂ ಓದದೆ ಹೋದರೂ ನಿಮ್ಮ ಬ್ರಷ್ಷಾದರೂ ಉಳಿಯುತ್ತದೆ.

ನಾನು ಜಯಮ್ಮ, ಪಾಂಡವಪುರ ತಾಲ್ಲೂಕಿನ ಚಿನಕುರಳಿಯವಳು. ಶ್ರೀರಂಗಪಟ್ಟಣದಲ್ಲಿ ಮಾದರಿಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಮಾಡಿ ಈಚೆಗೆ ನಿವೃತ್ತಳಾದೆ. ಕಾರ್ಖಾನೆ ಎಂದರೆ ಚಿಮಣಿ, ಸೈರನ್ನು ಏನೂ ಇಲ್ಲ. ಕೋಟೆ ಗೋಡೆಯ ಪಕ್ಕದ ಒಂದು ಹಳೇ ಮನೆ, ನಡುಮನೆಯಲ್ಲಿ ಮರಗೆಲಸ, ಹಿತ್ತಲ ಕೋಣೆಯಲ್ಲಿ ಬಣ್ಣ. ದಸರಾ ವಸ್ತುಪ್ರದರ್ಶನದ ಸರ್ಕಾರಿ ಮಳಿಗೆಗಳಲ್ಲಿ ಪುಟ್ಟ ಅಣೆಕಟ್ಟು, ಪುಟ್ಟ ಆಸ್ಪತ್ರೆ, ಪುಟ್ಟ ಹಸುಗಳ ಮುಂದೆ ಪುಟ್ಟ ಹಾಲಿನ ಡೈರಿ ನೋಡಿರುತ್ತೀರಲ್ಲ, ಅಂಥವು ನಮ್ಮಲ್ಲಿ ತಯಾರಾಗುತ್ತಿದ್ದವು. ಜನ ಅವುಗಳ ಮುಂದೆ ನಿಂತು ಪಾಪ್‌ಕಾರ್ನ್ ತಿಂದು ಮುಂದಕ್ಕೆ ಹೋಗುತ್ತಾರೆ. ನಾವು ಅದಕ್ಕಾಗಿ ತಿಂಗಳುಗಟ್ಟಲೆ ಕೂತಿರುತ್ತಿದ್ದೆವು.

ರಬ್ಬರ್ ಹಾಲು ಎಂದರೇನು ಎಂದು ಹೊಸಬರು ಕೇಳುತ್ತಾರೆ. ಒಂದು ಜಾಗಕ್ಕೆ ಬಣ್ಣ ತಾಗಬಾರದು ಎಂದಿದ್ದರೆ ಅದನ್ನು ಮುಚ್ಚಬೇಕು. ನೇರ ಗೆರೆಯಾದರೆ ಟೇಪು ಸಾಕು. ಸೊಟ್ಟ ಗೆರೆ, ಕಿಟಕಿಯ ಮೂಲೆ, ಬಂಡೆಯ ಸಂದು, ಇಂಥಲ್ಲಿ ಟೇಪು ಕೂರುವುದಿಲ್ಲ. ಅಲ್ಲಿಗೆ ಈ ಬಿಳಿ ದ್ರವವನ್ನು ಬಳಿದರೆ ಒಣಗಿ ತೆಳ್ಳನೆಯ ರಬ್ಬರಿನ ಪೊರೆಯಾಗುತ್ತದೆ. ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಪೊರೆಯನ್ನು ಬೆರಳಿನಿಂದ ಉರುಳಿಸಿ ಕಿತ್ತರೆ ಕೆಳಗಿನದು ಇದ್ದ ಹಾಗೇ ಇರುತ್ತದೆ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು. ನಾವು ಹಾಲು ಎನ್ನುತ್ತಿದ್ದೆವು. ವಾಸನೆ ಮಾತ್ರ ತೊಳೆಯದ ಕೊಟ್ಟಿಗೆಯದು. ಹಸು ಕಟ್ಟಿದ ಮನೆಯವಳಾದ್ದರಿಂದ ನನಗೆ ಅದರಿಂದ ತೊಂದರೆಯಾಗಲಿಲ್ಲ.

ನಮ್ಮ ಯಜಮಾನರು ಸಂಪತ್ ಅಯ್ಯಂಗಾರರು. ದೇವಸ್ಥಾನದ ಸೇವೆಯ ಮನೆತನದವರು. ಅಣ್ಣ ತಮ್ಮಂದಿರೆಲ್ಲ ಪೂಜೆ, ಪಾಠ ಎಂದು ಹೋದಾಗ ಇವರೊಬ್ಬರು ಗರಗಸ ಹಿಡಿದರು. ಒಳ್ಳೆಯ ಮನುಷ್ಯ. ಕೈ ಮಾತ್ರ ಅವಸರದ್ದು. ಮೊದಲ ಬಾಟಲಿ ಬಂದಾಗ ಸೋಪಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ತಮ್ಮಲ್ಲಿದ್ದ ಅತ್ಯುತ್ತಮ ಬ್ರಷ್ಷನ್ನು ಹೊಸ ವಸ್ತುವಿಗೆ ಮರ್ಯಾದೆ ಎಂದು ನೇರ ಅದ್ದಿದರು. ಸಂಜೆಗೆ ಅದರಿಂದ ಹಲ್ಲು ಚುಚ್ಚಬಹುದಿತ್ತು. "ಈಗಿನ ಬ್ರಷ್ಷುಗಳಲ್ಲಿ ಏನೂ ಸತ್ವ ಇಲ್ಲಮ್ಮ ಜಯಮ್ಮ," ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನನ್ನ ಬಾಯ ತುದಿಗೆ ಬಂತು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ನುಂಗಿಕೊಂಡೆ.

ಎರಡನೆಯ ಪಾಠ ಬಾಟಲಿಯದು. ಅದನ್ನು ಅಲುಗಿಸಬಾರದು. ಕೆಮ್ಮಿನ ಔಷಧಿಯನ್ನು ಅಲುಗಿಸುವ ಹಾಗೆ ಅಯ್ಯಂಗಾರರು ಚೆನ್ನಾಗಿ ಅಲುಗಿಸಿದರು. ಹಾಲಿನ ತುಂಬ ನೊರೆ ಎದ್ದಿತು. ಆ ನೊರೆಯ ಹಾಲನ್ನೇ ಒಂದು ಕೋಟೆಯ ಮಾದರಿಯ ಗೋಡೆಗೆ ಬಳಿದು ಮೇಲೆ ಬಣ್ಣ ಹೊಡೆದೆವು. ನೊರೆಯ ಒಂದೊಂದು ಗುಳ್ಳೆಯೂ ಒಡೆದು ತೂತಾಗಿ, ತೂತಿನೊಳಗೆ ಬಣ್ಣ ಇಳಿದು, ಕಿತ್ತಾಗ ಗೋಡೆಯ ತುಂಬ ಕರೀ ಚುಕ್ಕೆ. ಮಾರನೆಯ ದಿನ ನೋಡಲು ಬಂದ ಅಧಿಕಾರಿ ಕನ್ನಡಕ ಏರಿಸಿ, ಇವೇನು ಎಂದು ಕೇಳಿದರು.

"ಗುಂಡೇಟಿನ ಗುರುತು ಸಾರ್," ಎಂದರು ಅಯ್ಯಂಗಾರರು. ಧ್ವನಿ ಒಂದಿಷ್ಟೂ ಅಲುಗಲಿಲ್ಲ.

ಅಧಿಕಾರಿಗೆ ಬಹಳ ಸಂತೋಷವಾಯಿತು. ಇಷ್ಟು ಸೂಕ್ಷ್ಮವಾಗಿ ಇತಿಹಾಸ ಓದಿಕೊಂಡವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದರು. ಆಮೇಲೆ ಅದೇ ಇಲಾಖೆಯಿಂದ ಬಂದ ಇನ್ನೊಂದು ಕೋಟೆಗೂ ಗುಂಡೇಟು ಕೇಳಿದರು. ಅಲ್ಲಿ ಯುದ್ಧವೇ ನಡೆದಿರಲಿಲ್ಲವಂತೆ. ನಾವು ಬಾಟಲಿ ಅಲುಗಿಸಿದೆವು.

ಎಲ್ಲ ಗಿರಾಕಿಗಳೂ ಹಾಗಿರುವುದಿಲ್ಲ. ಕೆ.ಆರ್. ಪೇಟೆ ಕಡೆಯ ಅಕ್ಕಿಹೆಬ್ಬಾಳಿನ ಮೇಷ್ಟರೊಬ್ಬರು ಶಾಲೆಗೆಂದು ತಮ್ಮ ಊರಿನ ರೈಲ್ವೆ ಸ್ಟೇಷನ್ನು ಮಾಡಿಸಿದರು. ಹಳಿಗಳನ್ನು ಹಿತ್ತಾಳೆ ತಂತಿಯಲ್ಲಿ ಮಾಡಿದ್ದೆವು. ಜಲ್ಲಿಗೆ ಬಣ್ಣ ಹೊಡೆಯುವಾಗ ಹಳಿಗೆ ತಾಗದಿರಲಿ ಎಂದು ನಾನು ಹಾಲು ಬಳಿದೆ. ಕಿತ್ತು ನೋಡಿದರೆ ಹಿತ್ತಾಳೆ ಕಪ್ಪಿಟ್ಟಿತ್ತು. ಆ ಕೊಟ್ಟಿಗೆ ವಾಸನೆ ಇದೆಯಲ್ಲ, ಅದಕ್ಕೂ ಹಿತ್ತಾಳೆ, ತಾಮ್ರಕ್ಕೂ ಆಗುವುದಿಲ್ಲ. ಅಯ್ಯಂಗಾರರು ಗುಂಡೇಟಿನ ಧೈರ್ಯದಲ್ಲಿ, ಹಳಿ ಹಳೆಯದಾದರೆ ಹೀಗೇ ಇರುವುದು ಎಂದರು. ಮೇಷ್ಟರು ಒಪ್ಪಲಿಲ್ಲ. "ದಿನಾ ರೈಲು ಓಡಾಡೋ ಹಳಿ ಮೇಲ್ಗಡೆ ಫಳಫಳಾ ಅಂತಿರ್ತದೆ ಸ್ವಾಮಿ. ರೈಲು ನಿಲ್ಲಿಸ್ಬುಟ್ಟವ್ರಾ ನಮ್ಮೂರ್ಗೆ?" ಎಂದು ಕೇಳಿದರು. ಹುಣಸೇಹಣ್ಣು ಹಚ್ಚಿ ಉಜ್ಜಿದೆವು. ದೇವಸ್ಥಾನದ ಪಾತ್ರೆ ಬೆಳಗಿದ ಮನೆತನದವರಾದ್ದರಿಂದ ಆ ಕೆಲಸ ಮಾತ್ರ ಅಯ್ಯಂಗಾರರು ನನಗಿಂತ ಚೆನ್ನಾಗಿ ಮಾಡಿದರು.

ಇನ್ನು ಅಣೆಕಟ್ಟಿನ ಪ್ರಸಂಗ. ಇದನ್ನು ಹೇಳದೆ ಮುಂದೆ ಹೋದರೆ ನಮ್ಮ ಕಾರ್ಖಾನೆಯವರು ನನ್ನನ್ನು ಬಿಡುವುದಿಲ್ಲ.

ಹಾಲಿಗೆ ಒಂದು ಗಡುವಿದೆ. ಒಣಗಿದ ಮೇಲೆ ಬೇಗ ಕೀಳಬೇಕು. ದಿನಗಟ್ಟಲೆ ಬಿಟ್ಟರೆ ಕೆಳಗಿನ ಬಣ್ಣವನ್ನು ಹಲಸಿನ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಆ ವರ್ಷ ಒಂದು ದೊಡ್ಡ ಅಣೆಕಟ್ಟಿನ ಮಾದರಿ. ಸಾಲು ಗೇಟುಗಳಿಗೆ ಬೂದಿ ಬಣ್ಣ ಹೊಡೆದು, ಹಾಲಿನಲ್ಲಿ ಮುಚ್ಚಿ, ಕಲ್ಲಿನ ಗೋಡೆಗೆ ಬಣ್ಣ ಹಾಕಿದೆವು. ಸಂಜೆ ಕೀಳಬೇಕಿತ್ತು. ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ಪುಸ್ತಕ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಆಯುಧ ಇಟ್ಟರೆ ಆಯುಧಪೂಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ಬ್ರಷ್ಷು ಸರಸ್ವತಿಗೆ ಸೇರಿದ್ದೋ ಆಯುಧವೋ ಎಂಬ ಪ್ರಶ್ನೆ ಎದ್ದಿತು. ಅಯ್ಯಂಗಾರರು ತಮ್ಮ ಅಣ್ಣನನ್ನು ಫೋನಿನಲ್ಲಿ ವಿಚಾರಿಸಿ, ಎರಡೂ ಹೌದು ಎಂದು ತೀರ್ಮಾನಿಸಿದರು. ಬ್ರಷ್ಷು, ಬ್ಲೇಡು, ಚಿಮಟ, ಅಣೆಕಟ್ಟು ಎಲ್ಲವೂ ಪೂಜೆಗೆ ಕೂತವು. ಅಣೆಕಟ್ಟಿಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದರು.

ವಿಜಯದಶಮಿಯ ದಿನ ಕೀಳಲು ಕೂತರೆ ಹಾಲಿನ ಜೊತೆಗೇ ಗೇಟಿನ ಬಣ್ಣವೂ, ಬಣ್ಣದ ಜೊತೆಗೆ ಅಲ್ಲಲ್ಲಿ ಗೇಟೂ ಬಂತು. ಮಳಿಗೆಯವರು ಆವತ್ತೇ ಲಾರಿ ಕಳಿಸಿದ್ದರು. ಬೇರೆ ದಾರಿ ಇರಲಿಲ್ಲ. ಕಿತ್ತುಹೋದ ಗೇಟುಗಳ ಮೇಲೆಲ್ಲ ಹತ್ತಿ, ಅಂಟು ಹಾಕಿ ನೀರು ಧುಮುಕುವ ಹಾಗೆ ಮಾಡಿದೆವು. ನೋಡಲು ಬಹಳ ಚೆಂದವಿತ್ತು. ಮಳಿಗೆಯ ಇಂಜಿನಿಯರು ಒಂದು ಸುತ್ತು ಬಂದು, "ಎಲ್ಲಾ ಗೇಟೂ ಒಟ್ಟಿಗೆ ಇಷ್ಟು ತೆಗೆದ್ರೆ ಕೆಳಗಿನ ಊರೆಲ್ಲಾ ಕೊಚ್ಚಿಕೊಂಡು ಹೋಗುತ್ತೆ ಕಣ್ರೀ," ಎಂದರು. ಕೆಳಗಿನ ಊರು ನಮ್ಮ ಶ್ರೀರಂಗಪಟ್ಟಣವೇ. ಅಯ್ಯಂಗಾರರು ಲಾರಿಯವನ ಜೊತೆ ಮಾತಿಗೆ ನಿಂತರು. ಮರುವರ್ಷದಿಂದ ಪೂಜೆಗೆ ಕೂರುವ ಮೊದಲು, ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ, "ಜಯಮ್ಮ, ಹಾಲು ಕಿತ್ತಾಯ್ತಾ?" ಎಂದು ಕೇಳುವುದು ರೂಢಿಯಾಯಿತು. ಹೊಸದಾಗಿ ಬಂದವರು ಅದನ್ನೂ ಮಂತ್ರದ ಭಾಗ ಎಂದುಕೊಂಡಿದ್ದರು.

ಕಾಲ ಬದಲಾಯಿತು. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಸ್ಟಿಕ್ಕರನ್ನು ತಾನೇ ಕತ್ತರಿಸುವ ಯಂತ್ರ ಬಂತು. ಕಿಟಕಿಯ ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುತ್ತದೆ, ಅಂಟಿಸು, ಬಣ್ಣ ಹೊಡಿ, ಕೀಳು. ಕೊಟ್ಟಿಗೆ ವಾಸನೆ ಇಲ್ಲ, ಗಡುವಿನ ಭಯವಿಲ್ಲ. ಯಂತ್ರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಸವೆತ, ತುಕ್ಕು, ಒರೆಸಿಹೋದ ಬಣ್ಣ, ಇವುಗಳಿಗೆ ಅಳತೆ ಇರುವುದಿಲ್ಲವಾದ್ದರಿಂದ ಯಂತ್ರ ಅಲ್ಲಿಗೆ ಬರುವುದಿಲ್ಲ. ಆ ಕೆಲಸಕ್ಕೆ ಹಾಲೇ ಬೇಕು. ಅದು ಹೇಗೆ ಎನ್ನುವುದಕ್ಕೆ ದೇವಲಾಪುರದ ಬಸ್ಸಿನ ಕತೆ ಹೇಳಬೇಕು.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ, ಪಿತೃಪಕ್ಷ ಶುರುವಾಗಿದ್ದ ದಿನಗಳಲ್ಲಿ, ವೈರ್ ಬ್ಯಾಗು ಹಿಡಿದ ಮುದುಕಿಯೊಬ್ಬರು ಬಾಗಿಲಲ್ಲಿ ನಿಂತರು. ನಾಗಮಂಗಲ ತಾಲ್ಲೂಕಿನ ದೇವಲಾಪುರದ ನಿಂಗಮ್ಮ. ಗಂಡ ಬೋರೇಗೌಡರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬದುಕಿದ್ದಾಗ ಅವರದೊಂದು ಖಾಸಗಿ ಬಸ್ಸು ನಾಗಮಂಗಲದಿಂದ ಕೆ.ಆರ್. ಪೇಟೆಗೆ ಓಡುತ್ತಿತ್ತು.

"ಪರ್‌ದರ್ಶನ್‌ದಲ್ಲಿ ಅಣೆಕಟ್ಟೆ ನೋಡಿದ್ದೆ ಸ್ವಾಮಿ. ನೀವೇ ಮಾಡಿದ್ದಂತೆ. ನಂಗೊಂದು ಬಸ್ಸು ಬೇಕಾಗಿತ್ತು," ಎಂದರು.

"ಯಾವ ಬಸ್ಸಮ್ಮ? ಎಲ್ಲಿಗೆ?" ಎಂದರು ಅಯ್ಯಂಗಾರರು.

"ನಮ್ಮೆಜಮಾನ್ರ ಬಸ್ಸು. ಎಡೆಗ್ ಇಡಾಕೆ."

ಅಯ್ಯಂಗಾರರು ನನ್ನ ಮುಖ ನೋಡಿದರು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ ಎಂದು ನಾನು ಅವರಿಗೆ ವಿವರಿಸಬೇಕಾಯಿತು. ಸತ್ತವರಿಗೆ ಏನು ಇಷ್ಟವೋ ಅದೆಲ್ಲ ಎಲೆಗೆ ಬರಬೇಕು. ಮುದ್ದೆ, ಮಾಂಸದ ಸಾರು, ವಡೆ, ಹೊಸ ಪಂಚೆ, ಬೀಡಿ ಸೇದುತ್ತಿದ್ದರೆ ಬೀಡಿ. ಬೋರೇಗೌಡರಿಗೆ ಬಸ್ಸು ಇಷ್ಟವಿತ್ತು. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯವರು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು.

"ಪಿತೃಪಕ್ಷದಲ್ಲಿ ಹೊಸ ಕೆಲಸ ಹಿಡಿಯಲ್ಲಮ್ಮ ನಾವು," ಎಂದರು ಅಯ್ಯಂಗಾರರು. ಅದು ಅವರ ಮನೆಯ ನಿಯಮ. ಆ ಪಕ್ಷ ಪೂರ್ತಿ ಹಳೆಯ ಕೆಲಸಗಳನ್ನೇ ಉಜ್ಜುತ್ತಿದ್ದೆವು.

"ಒಸದೆಲ್ಲಿ ಬಂತು ಸ್ವಾಮಿ? ಅಳೇ ಬಸ್ಸು," ಎಂದರು ನಿಂಗಮ್ಮ.

ಅಯ್ಯಂಗಾರರು ಸೂರು ನೋಡಿದರು. ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಸಿಕ್ಕಲಿಲ್ಲವೆಂದು ಕಾಣುತ್ತದೆ. "ಜಯಮ್ಮ, ಅಳತೆ ಕೇಳ್ಕೊಳ್ಳಿ," ಎಂದು ಎದ್ದುಹೋದರು.

ಟೀ ಕುಡಿಯುತ್ತ ನಿಂಗಮ್ಮ ಉಳಿದದ್ದನ್ನು ಹೇಳಿದರು. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಶಿವಣ್ಣ ಅಪ್ಪನ ಬಸ್ಸಿಗೆ ಕಂಡಕ್ಟರಾಗಿದ್ದವನು. ಕಿರಿಯ ಮಹದೇವ ಅದೇ ಬಸ್ಸಿನಲ್ಲಿ ಸ್ಟೇರಿಂಗು ಕಲಿತು ಆಮೇಲೆ ಓಡಿಸಿದವನು. ಅಪ್ಪ ಹೋದ ಮೇಲೆ ಒಬ್ಬ ಓಡಿಸೋಣ ಎಂದ, ಇನ್ನೊಬ್ಬ ಮಾರಿ ಟ್ರಾಕ್ಟರು ತರೋಣ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಸ್ಸು ಹುಣಸೇಮರದ ಕೆಳಗೆ ನಿಂತು ನಿಂತು ತುಕ್ಕು ಹಿಡಿದು ಕೊನೆಗೆ ಗುಜರಿಗೆ ಹೋಯಿತು. ಅವತ್ತಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ಹಳೇ ನಡುಮನೆ ತಾಯಿಗೆ, ಅದರ ಎಡಕ್ಕೊಬ್ಬನ ಮನೆ, ಬಲಕ್ಕೊಬ್ಬನ ಮನೆ. ಹಿರಿಯರ ಎಡೆಯನ್ನೂ ಬೇರೆ ಬೇರೆ ಇಡುತ್ತಿದ್ದರು.

"ಆವಯ್ಯ ಯಾರ ಮನೇಗ್ ಅಂತ ಓಯ್ತಾನೆ ಹೇಳು ತಾಯಿ? ಒಂದ್ ಬಾಗ್ಲಾಗ್ ನಿಂತ್ರೆ ಇನ್ನೊಬ್ಬಂಗೆ ಕ್ವಾಪ," ಎಂದರು ನಿಂಗಮ್ಮ. "ಎಡೆನಾದ್ರೆ ಎಲ್ಡ್ ಮಾಡ್ಬೋದು. ಬಸ್ಸು ಒಂದೇ ಅಲ್ವಾ? ನನ್ ನಡುಮನೇಲಿ ಇಕ್ತೀನಿ. ಅಪ್ಪನ ಬಸ್ಸು ಅಂದ್ಮೇಲೆ ಇಬ್ರೂ ಅಲ್ಲಿಗೇ ಬರ್ಬೇಕು."

"ಬರದಿದ್ದರೆ ಅವ್ವ?" ಎಂದೆ.

ಅವರು ಲೋಟ ಕೆಳಗಿಟ್ಟರು. "ನಾಳೀಕೆ ನಾನೂ ಎಡೆ ಮ್ಯಾಲೆ ಬರೋಳೇ ಕಣವ್ವ. ನನ್ನೂ ಇಂಗೇ ಎಲ್ಡ್ ತಾವ ಕೂರಿಸ್ತಾರಾ? ಅದೊಂದು ನಂಗೆ ಆಯ್ತಾ ಇಲ್ಲ," ಎಂದರು. ಅತ್ತುಕೊಂಡು ಹೇಳಲಿಲ್ಲ. ಮಾರ್ಕೆಟ್ಟಿನಲ್ಲಿ ಸೊಪ್ಪು ಚೆನ್ನಾಗಿಲ್ಲ ಎಂದು ಹೇಳುವ ಹಾಗೆ ಹೇಳಿದರು. ನಾನು ಮಹಾಲಯ ಅಮಾವಾಸ್ಯೆಗೆ ಬಸ್ಸು ತಂದೇ ತರುತ್ತೇನೆ ಎಂದು ಯಜಮಾನರನ್ನು ಕೇಳದೆ ಮಾತು ಕೊಟ್ಟೆ.

ಮರಗೆಲಸದವರು ಮೈ ಕಟ್ಟಿ ಮುಗಿಸುವ ಹೊತ್ತಿಗೆ ಬಣ್ಣದ ತಕರಾರು ಎದ್ದಿತು. ತಾಯಿ ಏನೋ ಮಾಡಿಸುತ್ತಿದ್ದಾಳೆ ಎಂಬ ಸುದ್ದಿ ತಿಳಿದು ಶಿವಣ್ಣ ಬೈಕಿನಲ್ಲಿ ಬಂದ. ಬಸ್ಸು ನೀಲಿ ಎಂದ. "ನೀಲಿ ಇಲ್ದಿದ್ರೆ ಅದು ನಮ್ಮಪ್ಪನ ಬಸ್ಸೇ ಅಲ್ಲ ಕಣಕ್ಕ. ನಾನು ಆ ಕಡೀಕೆ ತಲೇನೂ ಹಾಕಾಕಿಲ್ಲ." ಮಾರನೆಯ ದಿನ ಮಹದೇವ ಬಂದ. ಬಸ್ಸು ಹಸಿರು ಎಂದ. "ನಾನೇ ಓಡ್ಸಿವ್ನಿ ಅಕ್ಕ, ನಂಗೊತ್ತಿಲ್ವಾ? ಅಸ್ರು. ಬ್ಯಾರೆ ಬಣ್ಣ ಬಳ್ದು ತಂದ್ರೆ ನಾನಂತೂ ಒಳೀಕ್ ಬರಾಕಿಲ್ಲ." ಒಬ್ಬರ ಬಾಯಲ್ಲೂ ಇನ್ನೊಬ್ಬರ ಹೆಸರು ಬರಲಿಲ್ಲ. ಫೋಟೋ ಇದೆಯೇ ಎಂದು ಕೇಳಿದ್ದಕ್ಕೆ ಇಬ್ಬರೂ ಫೋನಿನಲ್ಲಿ ಅದೇ ಒಂದು ಫೋಟೋ ತೋರಿಸಿದ್ದರು. ಆಯುಧಪೂಜೆಯ ದಿನ ತೆಗೆದದ್ದು. ಬಾಳೆಕಂದು, ಮಾವಿನಸೊಪ್ಪು, ಚೆಂಡುಹೂವು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಬಸ್ಸು ಕಾಣುತ್ತಿರಲಿಲ್ಲ.

"ಎಡಗಡೆ ನೀಲಿ, ಬಲಗಡೆ ಹಸಿರು ಹೊಡೆದುಬಿಡಿ. ಅವರವರ ಕಡೆಯಿಂದ ಅವರವರು ನೋಡ್ಕೊಳ್ಳಲಿ," ಎಂದರು ಅಯ್ಯಂಗಾರರು. ಅವರು ತಮಾಷೆಗೆ ಹೇಳಿದ್ದಲ್ಲ.

ನಾನು ನಿಂಗಮ್ಮನಿಗೆ ಫೋನು ಮಾಡಿದೆ. "ಎಲ್ಡೂ ಸರಿ ಕಣವ್ವ," ಎಂದರು. "ತಂದಾಗ ನೀಲಿ. ಆಮೇಕೆ ಕಿರೀನು ಓಡ್ಸೋ ಕಾಲಕ್ಕೆ ಮ್ಯಾಲೆ ಅಸ್ರು ಒಡ್ಸಿದ್ರು. ಬಾಗ್ಲು ತಾವ, ಮೆಟ್ಲು ತಾವ ಸವ್ದು ಸವ್ದು ಒಳಗಿನ್ ನೀಲಿ ಕಾಣೋದು." ಇದನ್ನು ಮಕ್ಕಳಿಗೇ ಹೇಳಬಹುದಿತ್ತಲ್ಲ ಎಂದೆ. "ಯೋಳ್ದೆ. ಬಣ್ಣುಕ್ ಜಗ್ಳ ಆಡ್ತಾವ್ರಾ ಅವ್ರು?" ಎಂದರು.

ಇಂಥ ಕೆಲಸಕ್ಕೇ ಹಾಲು ಇರುವುದು. ಮೊದಲು ಬಸ್ಸಿಗೆಲ್ಲ ಪ್ರೈಮರ್, ಅದರ ಮೇಲೆ ನೀಲಿ. ನೀಲಿ ಪೂರ್ತಿ ಗಟ್ಟಿಯಾಗಲು ಬಿಟ್ಟೆ. ಇಲ್ಲಿ ಅವಸರ ಮಾಡಿದರೆ ಕೀಳುವಾಗ ನೀಲಿಯೂ ಎದ್ದು ಬರುತ್ತದೆ. ಆಮೇಲೆ ಕಿಟಕಿಯ ಗಾಜುಗಳಿಗೆ ಹಾಲು. ಸವೆತ ತೋರಿಸಬೇಕಾದ ಕಡೆ ಬ್ರಷ್ಷು ಬೇಡ, ಬ್ರಷ್ಷು ಬಳಿದರೆ ಬಳಿದ ಹಾಗೇ ಕಾಣುತ್ತದೆ. ನಾನು ತೆಂಗಿನ ನಾರನ್ನು ಚಿಕ್ಕ ಉಂಡೆ ಮಾಡಿ ಹಾಲಿಗೆ ಮುಟ್ಟಿಸಿ, ಕಾಗದದ ಮೇಲೆ ಒಮ್ಮೆ ಒತ್ತಿ, ಉಳಿದದ್ದನ್ನು ಮೆಟ್ಟಿಲ ಅಂಚಿಗೆ, ಬಾಗಿಲ ಹಿಡಿಗೆ, ಚಕ್ರದ ಮೇಲಿನ ಬಾಗಿಗೆ ತಟ್ಟುತ್ತ ಹೋದೆ. ಕಂಡಕ್ಟರನ ಬೆನ್ನು ಒರಗುವ ಜಾಗ ಯಾವುದು, ಡ್ರೈವರು ಹತ್ತುವಾಗ ಕೈ ಹಾಕುವುದು ಎಲ್ಲಿ ಎಂದು ನಮ್ಮೂರ ಬಸ್ಸುಗಳನ್ನು ನೋಡಿಕೊಂಡು ಬಂದಿದ್ದೆ. ಅದರ ಮೇಲೆ ಹಸಿರು ಹೊಡೆದೆ.

ಹಸಿರು ಹೊಡೆಯುವಾಗಲೇ ಅಮಾವಾಸ್ಯೆಯ ಹಿಂದಿನ ದಿನ. ಮೋಡ ಕವಿದು ಬಣ್ಣ ಒಣಗಲಿಲ್ಲ. ಹಸಿಯಲ್ಲಿ ಕಿತ್ತರೆ ಅಂಚು ನೂಲುನೂಲಾಗುತ್ತದೆ. ಇನ್ನು ಒಣಗಿದ ಮೇಲೆ ಅಲ್ಲೇ ಕೀಳುವುದು ಎಂದುಕೊಂಡು, ಬೆಳಿಗ್ಗೆ ಬಸ್ಸನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ಹಾಲಿನ ಬಾಟಲಿ, ಬ್ರಷ್ಷು, ಚಿಮಟ ಚೀಲಕ್ಕೆ ಹಾಕಿಕೊಂಡು ಹೊರಟೆ. ಪಾಂಡವಪುರದಲ್ಲಿ ಬೇರೆ ಬಸ್ಸು ಹತ್ತಿದ ಮೇಲೆ ಸೀಟು ಸಿಕ್ಕಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದಿದ್ದೆ, ಗಾಳಿ ಆಡಲಿ ಎಂದು.

"ಏನಕ್ಕಾ ಅದು?" ಎಂದ ಕಂಡಕ್ಟರು.

"ಬಸ್ಸು."

ಅವನು ಬಗ್ಗಿ ನೋಡಿದ. "ಎಂಗಸ್ರಿಗೆ ಟಿಕೆಟ್ಟಿಲ್ಲ. ಬಸ್ಸಿಗೆ ಐತೋ ಇಲ್ವೋ ಗೊತ್ತಿಲ್ಲ. ಚೆಕಿಂಗ್‌ನೋರು ಬಂದ್ರೆ ಮುಚ್ಚಾಕಿ," ಎಂದು ಮುಂದಕ್ಕೆ ಹೋದ.

ದೇವಲಾಪುರ ಸೇರಿದಾಗ ಮಧ್ಯಾಹ್ನ. ಎರಡೂ ಮನೆಯ ಹಿತ್ತಲಿನಿಂದ ಮಸಾಲೆಯ ವಾಸನೆ ಬರುತ್ತಿತ್ತು. ಎರಡೂ ಮನೆಯಲ್ಲಿ ಬೇರೆ ಬೇರೆ ಎಡೆ ತಯಾರಾಗುತ್ತಿದೆ ಎಂದು ಅರ್ಥ. ನಿಂಗಮ್ಮ ನಡುಮನೆಯಲ್ಲಿ ಗಂಡನ ಫೋಟೋ ಒರೆಸಿಟ್ಟು, ಮುಂದೆ ಒಂದು ಮಣೆ ಹಾಕಿ ಕಾಯುತ್ತಿದ್ದರು. ಬಸ್ಸನ್ನು ಮಣೆಯ ಮೇಲೆ ಇಟ್ಟೆ. ಅವರು ನೋಡಿದರು. ಮೇಲೆಲ್ಲ ಹಸಿರು, ಅಲ್ಲಲ್ಲಿ ರಬ್ಬರಿನ ಗಂಟು, ಗಾಜುಗಳು ಕುರುಡು. ಕೀಳುವ ಮೊದಲು ಮಾದರಿ ಹೀಗೇ ಕಾಣುತ್ತದೆ. ಹೊಸಬರು ಈ ಹಂತದಲ್ಲಿ ಗಿರಾಕಿಗೆ ತೋರಿಸಬೇಡಿ.

ಮಕ್ಕಳಿಬ್ಬರೂ ಬಂದರು. ಒಳಗೆ ಬರಲಿಲ್ಲ. ಶಿವಣ್ಣ ಎಡಗಡೆಯ ಬಾಗಿಲಲ್ಲಿ, ಮಹದೇವ ಬಲಗಡೆಯ ಬಾಗಿಲಲ್ಲಿ ನಿಂತರು.

"ಇದೇನಕ್ಕ, ಬಸ್ಸಿಗೆ ಕಜ್ಜಿ ಬಂದಂಗೈತೆ? ನೀಲಿ ಎಲ್ಲಿ?" ಎಂದ ಶಿವಣ್ಣ.

ಮಹದೇವ ಹಸಿರು ನೋಡಿ ಸಮಾಧಾನದಿಂದ ಕೈ ಕಟ್ಟಿಕೊಂಡ. ಶಿವಣ್ಣ ಹಿಂದಕ್ಕೆ ತಿರುಗಿದ. ನಿಂಗಮ್ಮ ನನ್ನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ನೆನಪಿದೆ, ಅದಕ್ಕಿಂತ ಅಧಿಕಾರಿಗಳ ಬೈಗುಳವೇ ವಾಸಿ.

"ನೀಲಿ ಒಳಗೈತೆ ಕಣಪ್ಪ," ಎಂದೆ. "ನನ್ನೊಬ್ಬಳ ಕೈಲಿ ಒತ್ತು ಮುಳುಗೋದ್ರೊಳಗೆ ಆಗಾಕಿಲ್ಲ. ಬಂದು ಕುಂತ್ಕೊ. ಬೆಳ್ಳು ಒದ್ದೆ ಇರ್ಬಾರ್ದು, ಉಗುರು ತಾಗಿಸ್ಬೇಡ. ಗಂಟಿನ ಮೇಲೆ ಬೆಳ್ಳಿಟ್ಟು ಉರುಳಿಸು." ಒಬ್ಬಳ ಕೈಲಿ ಧಾರಾಳವಾಗಿ ಆಗುತ್ತಿತ್ತು.

ಶಿವಣ್ಣ ಬಂದು ಕೂತ. ಮುಂಬಾಗಿಲ ಮೆಟ್ಟಿಲ ಮೇಲೆ ಬೆರಳಿಟ್ಟು ಉರುಳಿಸಿದ. ಪೊರೆ ಸುರುಳಿಯಾಗಿ ಎದ್ದು ಬಂತು. ಅದರ ಕೆಳಗೆ, ಎಷ್ಟೋ ವರ್ಷ ಚಪ್ಪಲಿ ಸವೆಸಿದ ಹಾಗೆ, ಹಸಿರಿನ ನಡುವೆ ನೀಲಿ. ಅವನು ಬೆರಳು ತೆಗೆಯಲಿಲ್ಲ. "ಇಲ್ಲೇ ನಿಂತ್ಕೊತಿದ್ದೆ ನಾನು," ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ.

ಮಹದೇವ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಮಣೆಯ ಆಚೆ ಬದಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಡ್ರೈವರ್ ಬಾಗಿಲ ಹಿಡಿಯಿಂದ ಶುರು ಮಾಡಿದ. ಇಬ್ಬರ ನಡುವೆ ಬಸ್ಸು. ಕಿಟಕಿಯ ಪೊರೆಗಳು ಒಂದೊಂದೇ ಬಂದವು, ಗಾಜು ಕಣ್ಣು ಬಿಟ್ಟಿತು. ಮಹದೇವನ ಕೈ ನಮ್ಮ ಅಯ್ಯಂಗಾರರ ಕೈ. ಚಕ್ರದ ಮೇಲಿನ ಗಂಟನ್ನು ಹಿಡಿದು ಜಗ್ಗಿದ.

"ನಿಧಾನ ಕಣ್ಲಾ! ಬಣ್ಣನೂ ಕಿತ್ಕೊಂಡ್ ಬಂದ್ಬುಡ್ತದೆ!" ಎಂದ ಶಿವಣ್ಣ.

ಒಲೆಯ ಹತ್ತಿರ ವಡೆ ತಟ್ಟುತ್ತಿದ್ದ ನಿಂಗಮ್ಮನ ಕೈ ನಿಂತಿತು.

"ನಂಗೊತ್ತು ಬುಡು," ಎಂದ ಮಹದೇವ, ತಲೆ ಎತ್ತದೆ. ಸ್ವಲ್ಪ ಹೊತ್ತು ಉರುಳಿಸಿ, "ಈ ಮೂಲೇಲಿ ಇನ್ನೊಸಿ ನೀಲಿ ಇರ್ಬೇಕಿತ್ತು. ಪ್ಯಾಟೆ ಸ್ಟ್ಯಾಂಡ್ ಕಂಬಕ್ಕೆ ಉಜ್ಜಿತ್ತಲ್ಲ," ಎಂದ.

"ಉಜ್ಜಿತ್ತಾ? ನೀನು ಉಜ್ಜಿಸಿದ್ದು. ನಾನು ಬಾಗ್ಲಲ್ಲಿ ನಿಂತ್ಕೊಂಡು ವಿಸ್ಲ್ ಊದಿ ಊದಿ ಸತ್ತೆ."

"ಊದ್ದೇ ಇದ್ದೋನು ನೀನು. ಕೊನೇ ಸೀಟಲ್ಲಿ ಚಿಲ್ರೆ ಎಣಿಸ್ತಾ ಕುಂತಿದ್ದೆ. ಅಪ್ಪ ಬೈದಿದ್ದು ಮಾತ್ರ ನಂಗೆ."

"ನಂಗೂ ಬೈದ್ರು ಕಣ್ಲಾ, ನಿನ್ ಎದ್ರುಗ್ ಅಲ್ಲ."

ಕಂಬದ ವಿಚಾರ ಇತ್ಯರ್ಥವಾಗಲಿಲ್ಲ. ಅಲ್ಲಿಂದ ಯಾರೋ ಕುರಿ ಹತ್ತಿಸಿದ್ದು, ಟೈರು ಪಂಚರಾಗಿ ಮದುವೆ ದಿಬ್ಬಣ ನಡೆದುಕೊಂಡು ಹೋದದ್ದು ಎಲ್ಲ ಬಂತು. ಒಂದು ಮಾತಿಗೂ ಇಬ್ಬರಿಗೆ ಒಮ್ಮತವಿರಲಿಲ್ಲ. ಎರಡೂ ತಲೆ ಬಸ್ಸಿನ ಮೇಲೆ ಬಗ್ಗಿ ಒಂದಕ್ಕೊಂದು ತಾಗುವ ಹಾಗಿದ್ದವು. ಬಲಗಡೆಯ ಬಾಗಿಲಿಗೆ ಮಹದೇವನ ಹೆಂಡತಿ ಬಂದು, ಎಡೆಗೆ ಹೊತ್ತಾಗುತ್ತದೆ, ಎಲೆ ಹಾಕಲೇ ಎಂದು ಕೇಳಿದಳು. "ಇಲ್ಲಿಗೇ ತತ್ತಾ. ಸಾರೂ ಇಲ್ಲಿಗೇ ತತ್ತಾ," ಎಂದ ಮಹದೇವ. ಶಿವಣ್ಣ ಎಡಗಡೆಗೆ ತಿರುಗಿ ತನ್ನ ಹೆಂಡತಿಗೂ ಅದನ್ನೇ ಕೂಗಿ ಹೇಳಿದ.

ನಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಬಂದು ಕೂತರು. ಬಸ್ಸಿನ ಮೇಲೆ ಇನ್ನು ಹಿಂದಿನ ಬಂಪರಿನ ಒಂದೆರಡು ಗಂಟು ಉಳಿದಿದ್ದವು. "ಆಯ್ತು ಕಣವ್ವ, ಮುಗೀತು," ಎಂದೆ. ಅವರು ಮಕ್ಕಳ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ, ತೀರಾ ಮೆಲ್ಲಗೆ ಹೇಳಿದರು:

"ಇಷ್ಟ್ ಬಿರ್ನೆ ಮುಗ್ದೋಯ್ತಾ? ಇನ್ನೊಸಿ ಜಾಸ್ತಿ ಬಳ್ಕೊಂಡ್ ಬರಾಕಾಗ್ನಿಲ್ವಾ ತಾಯಿ ನಿಂಗೆ?"

ನಾನು ಚೀಲದಿಂದ ಬಾಟಲಿ ತೆಗೆದೆ. "ಟಾಪಿನ ಮೇಲೆ ಸ್ವಲ್ಪ ಕೆಲಸ ಬಾಕಿ ಐತೆ," ಎಂದು ಬಸ್ಸನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಮುಚ್ಚಬೇಕಾದದ್ದು ಏನೂ ಇಲ್ಲದ ಜಾಗಕ್ಕೆ, ಆ ತುದಿಯಿಂದ ಈ ತುದಿಯವರೆಗೆ ದಪ್ಪಗೆ ಹಾಲು ಬಳಿದೆ. ಅದು ಒಣಗುವವರೆಗೂ ಅಣ್ಣ ತಮ್ಮ ಇಬ್ಬರೂ ಅಲ್ಲೇ ಕೂತು ಕಾದರು.